ಹಲ್ಲಿ ಒಪ್ಪಿದ ಅಭಿಪ್ರಾಯ

ಮುಸ್ಸಂಜೆ ಟಿವಿ ಹಚ್ಚಿದ ಕೂಡಲೇ ಮೂರು ಪತಂಗಗಳು, ಅಣ್ಣ, ತಂಗಿ, ತಮ್ಮ, ಎದುರಿನ ಗೋಡೆಯ ಮೇಲೆ ಸಾಲಾಗಿ ಕೂತವು. ಅಂದಿನ ವೈಜ್ಞಾನಿಕ ಧಾರಾವಾಹಿಯಲ್ಲಿ ಅನ್ಯಗ್ರಹದ ಜೀವಿಯೊಂದು ನೌಕೆಯೊಳಗೆ ನುಸುಳಿ ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ನುಂಗುತ್ತಿತ್ತು.

"ಶುದ್ಧ ಸುಳ್ಳು ಕಂತು," ಎಂದಿತು ಅಣ್ಣ ಪತಂಗ. "ಪಕ್ಕದವರು ಮಾಯವಾದರೂ ತಿಳಿಯದಷ್ಟು ಪೆದ್ದರು ಎಲ್ಲಾದರೂ ಇದ್ದಾರೆಯೇ?"

ಬೆನ್ನ ಹಿಂದೆ ಹಲ್ಲಿ ಲೊಚಗುಟ್ಟಿತು.

"ಕೇಳಿದಿರಾ? ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವೆಂದೇ ಅರ್ಥ."

"ನನಗೇಕೋ ಹೆದರಿಕೆಯಾಗುತ್ತಿದೆ ಅಣ್ಣಾ," ಎಂದಿತು ತಮ್ಮ. "ಆ ಜೀವಿ ಹಿಂದಿನಿಂದಲೇ ಬರುತ್ತದೆ."

"ಕಟ್ಟುಕಥೆಗೆ ಹೆದರುತ್ತಾರೆಯೇ? ತಂಗೀ, ನಿನ್ನ ಅಭಿಪ್ರಾಯವೇನು?"

ತಂಗಿ ಉತ್ತರಿಸಲಿಲ್ಲ.

"ಮೌನವೆಂದರೆ ಸಮ್ಮತಿ," ಎಂದಿತು ಅಣ್ಣ, ತೆರೆಯಿಂದ ಕಣ್ಣು ಕೀಳದೆ.

ತಮ್ಮ ತಿರುಗಿ ನೋಡಿತು. ತಂಗಿ ಕೂತಿದ್ದ ಜಾಗದಲ್ಲಿ ಒಂದು ರೆಕ್ಕೆ ಮಾತ್ರ ಗೋಡೆಗೆ ಅಂಟಿಕೊಂಡಿತ್ತು.

"ಅಣ್ಣಾ, ಹಾರು! ಅದು ಇಲ್ಲೇ ಇದೆ!"

"ತಾಳು. ಕೊನೆ ನೋಡದೆ ಕಂತಿನ ಬಗ್ಗೆ ತೀರ್ಪು ಕೊಡಬಾರದು."

ತಮ್ಮ ಕಿಟಕಿಯಾಚೆಗೆ ಹಾರಿಹೋಯಿತು. ಹಲ್ಲಿ ಮತ್ತೆ ಲೊಚಗುಟ್ಟಿತು.

"ನೋಡಿದೆಯಾ ತಮ್ಮಾ," ಎಂದಿತು ಅಣ್ಣ, ತಿರುಗದೆಯೇ. "ಈ ಸಲ ಹತ್ತಿರಕ್ಕೇ ಬಂದು ಒಪ್ಪಿತು."