ಬೆಂಡಿನ ಸಾಹುಕಾರ

"ಬುದ್ಧೀ, ನಾನು ಬಿಟ್ಟವನೋ, ಬಿಡದವನೋ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಗುರುಮಲ್ಲಪ್ಪ. ಮಠದ ದಾಸೋಹದಲ್ಲಿ ಸಾರು ಕುದಿಸುವುದು ಅವನ ಕಾಯಕ. ಮೂವತ್ತು ವರ್ಷ ಆ ಒಲೆಯ ಕೆಂಡದಲ್ಲೇ ಬೀಡಿ ಹಚ್ಚಿಕೊಂಡವನು. ಹೋದ ವರ್ಷ ಗುರುಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಕಾಸು ಬೇಡ, ನಿಮ್ಮ ಚಟ ಹಾಕಿ ಎಂದು ಬೇಡಿದಾಗ ಮೊದಲು ಬಿದ್ದ ಬೀಡಿ ಕಟ್ಟು ಇವನದೇ. ಅಂದಿನಿಂದ ಬೀಡಿ ಮುಟ್ಟಿಲ್ಲ. ಬೀಡಿಯ ಬದಲಿಗೆಂದು ತಾಲೂಕು ಆಸ್ಪತ್ರೆಯ ಡಾಕ್ಟರಮ್ಮ ನಿಕೋಟಿನ್ ಗಮ್ಮು ಬರೆದುಕೊಟ್ಟಿದ್ದರು. ಮೂರು ತಿಂಗಳು ಅಗಿದು ಮುಗಿಸಿ ಎಂದಿದ್ದರು. ವರ್ಷ ತುಂಬಿತು, ಅಗಿಯುವುದು ಮುಗಿಯಲಿಲ್ಲ.

ಮಾರನೆಯ ದಿನ ಹುಣ್ಣಿಮೆ ಸಭೆ. ಚಟ ಬಿಟ್ಟು ವರ್ಷವಾದವರಿಗೆ ಅಲ್ಲಿ ಹಾರ ಹಾಕುತ್ತಾರೆ. ಪಟ್ಟಿಯಲ್ಲಿ ಗುರುಮಲ್ಲಪ್ಪನ ಹೆಸರೇ ಮೊದಲು. ಹೆಂಡತಿ ಪಂಚೆಗೆ ಇಸ್ತ್ರಿ ಹಾಕಿಸಿಟ್ಟಿದ್ದಳು. ಬೀಗರೂ ಬರುವವರಿದ್ದರು. ಅಷ್ಟು ಜನದೆದುರು ಕೈಮುಗಿದು ನಿಂತಾಗ ದವಡೆ ತನ್ನ ಪಾಡಿಗೆ ತಾನು ಆಡುತ್ತಿದ್ದರೆ ಗತಿಯೇನು? ಇವತ್ತೇ ಡಬ್ಬಿಯನ್ನು ಜೋಳಿಗೆಗೆ ಹಾಕಿಬಿಟ್ಟರೆ ನಾಳೆಯ ಮಾನ ಉಳಿಯುತ್ತದೆ. ಆದರೆ ನಾಳಿದ್ದು ಬೆಳಿಗ್ಗೆ ಒಲೆಯ ಕೆಂಡ ಕಣ್ಣು ಮಿಟುಕಿಸಿದರೆ ಮತ್ತೆ ಬೀಡಿಗೇ ಕೈ ಹೋದೀತು. ಎರಡು ದಿನದಿಂದ ಅವನ ಸಾರಿಗೆ ಉಪ್ಪೇ ಸರಿಯಾಗುತ್ತಿರಲಿಲ್ಲ.

ಡಾಕ್ಟರಮ್ಮ ಏನು ಹೇಳಿದ್ದಾರೆ ಎಂದು ಗುರುಗಳು ಕೇಳಿದರು.

"ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡ್ತಾ ಬನ್ನಿ ಅಂದ್ರು. ಅದನ್ನೂ ಮಾಡ್ತಿದ್ದೀನಿ ಬುದ್ಧಿ. ಎರಡು ತಿಂಗಳಿಂದ ಪ್ರತಿಯೊಂದು ಗಮ್ಮನ್ನೂ ಈಳಿಗೆಮಣೆ ಮೇಲೆ ಸರಿಯಾಗಿ ಎರಡು ಹೋಳು ಮಾಡ್ತೀನಿ. ಬಾಯಿಗೆ ಹಾಕೋದು ಅರ್ಧವೇ. ಆದ್ರೂ ಡಬ್ಬಿ ಮೊದಲಿನಷ್ಟೇ ಬೇಗ ಖಾಲಿಯಾಗ್ತದೆ. ಕಂಪನಿಯೋರು ಕಡಿಮೆ ತುಂಬ್ತಾರೋ ಏನೋ."

ಹೇಳುತ್ತಿದ್ದಾಗ ಅವನ ಬಲಗೈ ತಾನಾಗಿ ಅಂಗಿಯ ಜೇಬಿನ ಮೇಲೆ ಹೋಗಿ ಕೂತಿತು. ಗುರುಗಳು ಆ ಕೈಯನ್ನು ಒಂದು ಗಳಿಗೆ ನೋಡಿದರು. ಕೂತುಕೋ ಎಂದು, ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಅಂಗಡಿ ಹೊಳೆಯ ಈ ದಡದಲ್ಲಿ, ಬೆಲ್ಲ ಕಾಯಿಸುವ ಆಲೆಮನೆ ಆ ದಡದಲ್ಲಿ. ದಿನವೂ ಹರಿಗೋಲು ಹತ್ತಬೇಕು. ಅವನಿಗೋ ನೀರೆಂದರೆ ಜೀವ ಬಾಯಿಗೆ ಬರುತ್ತಿತ್ತು. ಹತ್ತುವಾಗ ಕಣ್ಣು ಮುಚ್ಚಿದರೆ ಇಳಿಯುವಾಗಲೇ ತೆರೆಯುವುದು. ಒಂದು ದಿನ ದಡ ಇನ್ನೂ ಹತ್ತು ಮಾರು ಇರುವಾಗಲೇ ಕುದಿಯುವ ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಕಣ್ಣು ಮುಚ್ಚಿಕೊಂಡೇ ಎದ್ದು ನಿಂತ. ಹರಿಗೋಲಿನಲ್ಲಿ ಎದ್ದು ನಿಂತವನಿಗೆ ಏನಾಗಬೇಕೋ ಅದೇ ಆಯಿತು. ಅಂಬಿಗ ಕಚ್ಚೆ ಹಿಡಿದು ಮೇಲೆಳೆದ.

ಹೊಟ್ಟೆಯ ನೀರು ಕಕ್ಕಿದ ಮೇಲೆ ವರ್ತಕ, ನನಗೆ ಈಜು ಕಲಿಸು ಎಂದು ಅಂಬಿಗನನ್ನು ಕೇಳಿದ. ಅಂಬಿಗ ಒಣಗಿದ ಕತ್ತಾಳೆ ದಿಂಡನ್ನು ಕಡಿದು ತಂದು ಒಂದು ಬೆಂಡು ಮಾಡಿದ. ನೋಡಲು ಮರದ ತುಂಡು, ತೂಕದಲ್ಲಿ ಹತ್ತಿ. ಅದನ್ನು ವರ್ತಕನ ಬೆನ್ನಿಗೆ ಕಟ್ಟಿ ನೀರಿಗೆ ಬಿಟ್ಟ. ಅಷ್ಟು ದಪ್ಪದ ಆಸಾಮಿ ಬಾಳೆಎಲೆಯಂತೆ ತೇಲಿದ. ಹದಿನೈದು ದಿನಕ್ಕೆ ಕೈಕಾಲು ಹದಕ್ಕೆ ಬಂದವು. ತಿಂಗಳಿಗೆ ಹೊಳೆ ದಾಟಿದ.

ಇನ್ನು ಸೋಮವಾರಕ್ಕೊಂದು ಸಲ ಬೆರಳಗಲ ಬೆಂಡು ಹೆರೆಯೋಣ, ಬೆಂಡು ಸವೆದಂತೆ ಈಜು ಗಟ್ಟಿಯಾಗುತ್ತದೆ ಎಂದ ಅಂಬಿಗ. ವರ್ತಕ ಒಪ್ಪಿದ. ಹಬ್ಬ ಒಂದು ಕಳೆಯಲಿ ಎಂದ. ಹಬ್ಬ ಕಳೆಯಿತು, ಆಷಾಢ ಬಂತು; ಆಷಾಢದಲ್ಲಿ ಒಳ್ಳೆಯ ಕೆಲಸಕ್ಕೆ ಕೈ ಹಾಕಬಾರದು. ಶ್ರಾವಣ ಬಂತು, ಹೊಳೆ ತುಂಬಿತ್ತು. ಆಮೇಲೆ ಪಿತೃಪಕ್ಷ. ಪಂಚಾಂಗ ತಿರುವಿ ಹಾಕಿದರೂ ಬೆಂಡು ಹೆರೆಯಲು ಯೋಗ್ಯವಾದ ಸೋಮವಾರ ಸಿಗಲಿಲ್ಲ.

ಅಷ್ಟರಲ್ಲಿ ಬೆಂಡು ಹೊಳೆ ಬಿಟ್ಟು ಊರಿಗೂ ಬಂತು. ನೀರು ಹೇಳಿ ಕೇಳಿ ಬರುತ್ತದೆಯೇ ಎಂದು ವರ್ತಕ ಅಂಗಡಿಯಲ್ಲೂ ಅದನ್ನು ಕಟ್ಟಿಕೊಂಡೇ ಕೂರತೊಡಗಿದ. ದರ್ಜಿಯಿಂದ ಅದಕ್ಕೊಂದು ರೇಷ್ಮೆ ಗವಸು ಹೊಲಿಸಿದ. ಅಂಗಾತ ಮಲಗುವುದು ಬಿಟ್ಟ. ತಾನು ಕೈ ಹಿಡಿದದ್ದು ಗಂಡನನ್ನೋ ಕತ್ತಾಳೆ ಗಿಡವನ್ನೋ ಎಂದು ಹೆಂಡತಿ ನೆರೆಯವರನ್ನು ಕೇಳಿದಳು. ಜನ ಅವನನ್ನು ಬೆಂಡಿನ ಸಾಹುಕಾರ ಎಂದು ಕರೆದರು. ವರ್ತಕನಿಗೆ ಬೇಸರವಾಗಲಿಲ್ಲ. ಮುಳುಗಲಿಲ್ಲವಲ್ಲ, ಅಷ್ಟು ಸಾಕು ಎನ್ನುತ್ತಿದ್ದ. ಆ ಮಾತು ನಿಜ ಎಂದು ಅಂಬಿಗನೂ ಒಪ್ಪುತ್ತಿದ್ದ. ಬೆಂಡು ನೋಡಿ ಅವನೊಬ್ಬ ಎಂದೂ ನಗಲಿಲ್ಲ.

ಹೀಗಿರುವಾಗ ನೆಂಟರ ಮನೆಯಲ್ಲಿ ನಾಮಕರಣ. ಊಟಕ್ಕೆ ಪಂಕ್ತಿ ಹಾಕಿದರು. ಎಲ್ಲರೂ ಗೋಡೆಗೆ ಒರಗಿ ಕೂತರು. ವರ್ತಕನಿಗೂ ಗೋಡೆಗೂ ನಡುವೆ ಬೆಂಡು ಇತ್ತು. ಹಾಗಾಗಿ ಅವನ ಮೂಗು ಉಳಿದವರ ಮೂಗಿಗಿಂತ ಒಂದು ಗೇಣು ಮುಂದೆ, ನೇರ ಎಲೆಯ ಮೇಲೆ. ಎದುರು ಕೂತಿದ್ದ ಹೆಂಡತಿಯ ತಮ್ಮ ಇದನ್ನು ನೋಡಿ ಮೆಲ್ಲಗೆ ಕೇಳಿದ:

"ಭಾವ, ಪಾಯಸದಲ್ಲೂ ಮುಳುಗೋ ಭಯವೇ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನ ಸೌಟು ಅಲ್ಲಾಡಿ ಪಾಯಸ ಯಾರದೋ ಹೆಗಲ ಮೇಲೆ ಬಿತ್ತು. ವರ್ತಕ ಎದ್ದ. ಬೆಂಡು ಬಿಚ್ಚಿ ಗವಸಿನ ಸಮೇತ ಅಡುಗೆಯ ಒಲೆಗೆ ಎಸೆದ. ಎಂಜಲು ಕೈಯಲ್ಲೇ ಹೊಳೆಗೆ ಹೋಗಿ ಧುಮುಕಿದ. ಪಂಕ್ತಿ ಎಲೆ ಬಿಟ್ಟು ದಡಕ್ಕೆ ಓಡಿಬಂತು.

ಮೊದಲು ಚೆನ್ನಾಗಿಯೇ ಈಜಿದ. ಹೊಳೆಯ ಕಾಲು ಭಾಗ ದಾಟುವಷ್ಟರಲ್ಲಿ ಬೆನ್ನು ಹಗುರವೆನಿಸಿತು. ಬೆಂಡು ಇದೆಯೋ ಇಲ್ಲವೋ ನೋಡೋಣವೆಂದು ನೀರು ತಳ್ಳಬೇಕಾದ ಕೈ ಬೆನ್ನ ಹಿಂದೆ ಹೋಯಿತು. ಒಂದು ಸಲ ಹೋಯಿತು, ಎರಡು ಸಲ ಹೋಯಿತು. ಮೂರನೆಯ ಸಲಕ್ಕೆ ಮುಳುಗಿದ. ಅಂಬಿಗ ಮತ್ತೆ ಕಚ್ಚೆ ಹಿಡಿದು ಎತ್ತಿದ.

ಆಮೇಲೆ ವರ್ತಕ ಹೊಳೆಯ ದಿಕ್ಕಿಗೇ ತಲೆ ಹಾಕಲಿಲ್ಲ. ಹರಿಗೋಲೂ ಬೇಡವಾಯಿತು. ಆ ದಡದಲ್ಲಿ ಕೇಳುವವರಿಲ್ಲದೆ ಬೆಲ್ಲದ ಪಾಕ ತಳ ಹಿಡಿಯಿತು. ಹದಿನೈದು ದಿನ ಗಾಳಿಯಲ್ಲಿ ಬರುವ ಸೀದ ವಾಸನೆ ಕುಡಿದವನು, ಹದಿನಾರನೆಯ ದಿನ ಬೆಳಗಾಗುತ್ತಲೇ ಹೊಸ ಬೆಂಡು ಹೊತ್ತುಕೊಂಡು ಬಂದ. ಅದು ಒರಳುಕಲ್ಲಿನಷ್ಟಿತ್ತು.

ಅಂಬಿಗ ಬೈಯಲಿಲ್ಲ. ಎಸೆದದ್ದು ಯಾಕೆ ಎಂದೂ ಕೇಳಲಿಲ್ಲ. ಅಂದು ಸೋಮವಾರವಾಗಿತ್ತು. ಕುಡುಗೋಲು ಮಸೆದು ಬೆರಳಗಲ ಹೆರೆದ. ಮುಂದಿನ ಸೋಮವಾರ ಇನ್ನೊಂದು ಬೆರಳು. ಹೀಗೆ ಎಂಟು ಸೋಮವಾರ ಹೆರೆದ. ಬೆಂಡು ಅರ್ಧಕ್ಕಿಳಿಯಿತು. ಆದರೆ ವರ್ತಕ ಮಾತ್ರ ಮೊದಲ ದಿನದಷ್ಟೇ ಎತ್ತರಕ್ಕೆ ತೇಲುತ್ತಿದ್ದ. ನೀರು ಅವನ ಹೆಗಲಿಗೂ ತಾಗುತ್ತಿರಲಿಲ್ಲ. ಅಂಬಿಗನ ಇಡೀ ಜೀವಮಾನದಲ್ಲಿ ಹೊಳೆ ಹೀಗೆ ಯಾರಿಗೂ ರಿಯಾಯಿತಿ ಕೊಟ್ಟಿರಲಿಲ್ಲ. ದಡಕ್ಕೆ ಬಂದವನನ್ನು ಹಿಡಿದು ನಿಲ್ಲಿಸಿ ಸುತ್ತಲೂ ನೋಡಿದ. ಪಂಚೆಯ ಒಳಗೆ, ಸೊಂಟದ ಸುತ್ತ ಒಂದು ಉದ್ದನೆಯ ಚೀಲ ಕಟ್ಟಿತ್ತು. ಬಿಚ್ಚಿದರೆ ಎಂಟು ಸೋಮವಾರದ ಹೆರಕಲೂ ಅದರಲ್ಲಿತ್ತು. ಒಂದು ಚೂರೂ ಹಾಳಾಗಿರಲಿಲ್ಲ.

"ಇದೇನು ಸಾಹುಕಾರ್ರೇ?"

"ಎಸೆಯೋಕೆ ಮನಸ್ಸಾಗಲಿಲ್ಲ ಕಣಯ್ಯ. ಬೆಂಡು ಕಡಿಮೆ ಮಾಡು ಅಂದೆ, ಮಾಡಿದ್ದೀನಿ. ನೋಡು ಬೇಕಾದರೆ."

ಆಲೆಮನೆಯ ನೆಲಕ್ಕೆ ಅಂಟಿದ ಬೆಲ್ಲವನ್ನೂ ಕೆರೆದು ಮಾರಿದ ಕೈ ಅದು. ಅದಕ್ಕೆ ಎಸೆಯುವುದು ಗೊತ್ತಿಲ್ಲ. ಹರಿಗೋಲು ತಾನಾಗಿ ಒಂದು ಸುತ್ತು ತಿರುಗುವಷ್ಟು ಅಂಬಿಗ ನಕ್ಕ. ಬೆಂಡಿನ ವಿಷಯದಲ್ಲಿ ಅವನು ನಕ್ಕದ್ದು ಅದೇ ಮೊದಲು. ವರ್ತಕನಿಗೂ ತಡೆಯಲಾಗಲಿಲ್ಲ, ಅವನೂ ನಕ್ಕ. ನಗು ನಿಂತ ಮೇಲೆ ಅಂಬಿಗ ಮರಳಿನಲ್ಲಿ ಮೂರು ಕಲ್ಲು ಹೂಡಿದ. ಇನ್ನು ಮೇಲೆ ಹೆರೆದದ್ದೆಲ್ಲ ಈ ಒಲೆಗೆ ಎಂದ. ಚೀಲವನ್ನೂ ಒಂದೇ ದಿನ ಸುರಿಯಲಿಲ್ಲ. ವಾರಕ್ಕೆ ಒಂದು ಹಿಡಿ.

ಅಂದಿನಿಂದ ಸೋಮವಾರ ಬಂದರೆ ದಡದಲ್ಲಿ ಬೆಲ್ಲದ ಕಾಫಿ. ಬೆಲ್ಲ ವರ್ತಕನದು, ಬೆಂಕಿಯೂ ಅವನದೇ. ಮೊದಲ ವಾರ ಹೆರಕಲು ಉರಿಯುವಾಗ ಹತ್ತಿರದ ನೆಂಟರನ್ನು ಸುಡುತ್ತಿರುವವನಂತೆ ಮುಖ ತಿರುಗಿಸಿಕೊಂಡ. ನಾಲ್ಕನೆಯ ವಾರ ತಾನೇ ಕೂತು ಊದಿದ. ನೀರು ಅವನ ಹೆಗಲಿಗೆ ಬಂತು, ಕತ್ತಿಗೆ ಬಂತು, ಗಲ್ಲಕ್ಕೆ ಬಂದು ನಿಂತಿತು. ಕೈ ಒಂದೊಂದು ಸಲ ಬೆನ್ನ ಕಡೆ ಹೊರಟರೂ ಅರ್ಧ ದಾರಿಯಿಂದ ಮರಳಿ ಬಂದು ನೀರು ತಳ್ಳುತ್ತಿತ್ತು. ಬೆಂಡು ತೆಂಗಿನಕಾಯಿಯಷ್ಟಾಯಿತು, ನಿಂಬೆಹಣ್ಣಿನಷ್ಟಾಯಿತು. ಕೊನೆಯ ಸೋಮವಾರ ಆ ನಿಂಬೆಹಣ್ಣನ್ನೂ ಒಲೆಗಿಟ್ಟರು. ಕಾಫಿಯ ನೀರು ಬೆಚ್ಚಗೂ ಆಗಲಿಲ್ಲ. ಇಷ್ಟೇನಾ ಎಂದ ವರ್ತಕ. ತಣ್ಣನೆಯ ಕಾಫಿ ಕುಡಿದು, ಹೊಳೆಗಿಳಿದು, ಆಲೆಮನೆಯ ಕಡೆ ಈಜುತ್ತಾ ಹೋದ. ಅವನ ಪಕ್ಕದಲ್ಲೇ ಹರಿಗೋಲು ಸಾಗುತ್ತಿತ್ತು. ಅದರೊಳಗೆ ಹೆಂಡತಿಯ ತಮ್ಮ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಪಾಯಸದ ಮಾತಿಗೆ ಶುರುವಾದ ಗುರುಮಲ್ಲಪ್ಪನ ನಗು ಇನ್ನೂ ಮುಗಿದಿರಲಿಲ್ಲ. ಕತೆಯ ಗುಂಗಿನಲ್ಲಿ, ತನಗೇ ತಿಳಿಯದೆ, ಅರ್ಧ ಗಮ್ಮು ಬಾಯಿಗೆ ಹಾಕಿಕೊಂಡಿದ್ದ. ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡು, ಹಾಗಾದರೆ ಡಬ್ಬಿಯನ್ನು ಇವತ್ತೇ ಜೋಳಿಗೆಗೆ ಹಾಕುವುದು ಬೇಡವಲ್ಲ ಎಂದು ಕೇಳಿದ. ಬೇಡ ಎಂದರು ಗುರುಗಳು. ನಾಳೆ ಹಾರಕ್ಕೆ ಕತ್ತು ಒಡ್ಡಬಹುದೇ ಎಂದು ಕೇಳಿದ. ಹಾರ ಬೀಡಿ ಬಿಟ್ಟದ್ದಕ್ಕೆ, ಬೀಡಿ ಬಿಟ್ಟದ್ದು ನಿಜ, ಧಾರಾಳವಾಗಿ ಬಾ ಎಂದರು. ಎದೆಯ ಮೇಲಿನ ಒರಳುಕಲ್ಲು ಇಳಿದಂತಾಯಿತು ಅವನಿಗೆ. ಕಾಲಿಗೆ ಬಿದ್ದು ಎದ್ದ. ಸಾರಿಗೆ ಇವತ್ತು ಉಪ್ಪು ಸರಿಯಾಗಿ ಬೀಳುತ್ತದೆ ಬುದ್ಧಿ ಎನ್ನುತ್ತ ಬಾಗಿಲವರೆಗೆ ಹೋದ.

ಗುರುಗಳು ಹಿಂದಿನಿಂದ ಕರೆದರು.

"ಗುರುಮಲ್ಲಪ್ಪ, ಈಳಿಗೆಮಣೆ ಮೇಲೆ ಕೊಯ್ದೆಯಲ್ಲ, ಆ ಇನ್ನರ್ಧ ಯಾವ ಜೇಬಿನಲ್ಲಿದೆ?"

ದವಡೆ ನಿಂತಿತು.