ದಿನ್ನೆ ಹತ್ತಿದ ಹರಿಗೋಲು

ಒಂದು ರಾಜ್ಯದಲ್ಲಿ ಹೊಳೆ ಉಕ್ಕಿತು. ಒಂದೇ ಹಗಲಿನಲ್ಲಿ ಕೆಳಕೇರಿಯ ಹದಿನಾರು ಮನೆ ಹೊತ್ತುಕೊಂಡು ಹೋಯಿತು.

ಹೊಳೆಗೆ ಇದೇನು ಹೊಸದಲ್ಲ. ಮೂರು ವರ್ಷಕ್ಕೊಮ್ಮೆ ಬರುತ್ತದೆ. ಬಂದಾಗ ಗೋಡೆ ಕರಗುತ್ತದೆ, ತೊಲೆ ತೇಲುತ್ತದೆ, ಕೋಳಿ ಮರ ಹತ್ತುತ್ತದೆ. ಜನ ದಿನ್ನೆಯ ಮೇಲೆ ನಿಂತು ತಮ್ಮ ಮನೆ ಬೀಳುವುದನ್ನು ತಾವೇ ನೋಡುತ್ತಾರೆ. ನೀರು ಇಳಿದ ಮೇಲೆ ಮತ್ತೆ ಮಣ್ಣು ಕಲಸುತ್ತಾರೆ.

ಹರಿಗೋಲು ನಡೆಸುವ ಸಾತವ್ವನ ಮನೆ ಹೋದದ್ದು ಇದು ಮೂರನೆಯ ಸಲ. ಮೊದಲ ಸಲ ಹೋದಾಗ ಗಂಡ ಕಟ್ಟಿದ್ದ. ಎರಡನೆಯ ಸಲ ಹೋದಾಗ ಹಾಲು ಕೊಡುವ ಎಮ್ಮೆ ಮಾರಿ ಕಟ್ಟಿದ್ದಳು. ಈಗ ಗಂಡನೂ ಇಲ್ಲ, ಎಮ್ಮೆಯೂ ಇಲ್ಲ. ಕಣ್ಣು ಕಾಣದ ಅತ್ತೆ ಒಬ್ಬಳಿದ್ದಳು. ಜೋಳದ ದಂಟಿನ ಗೋಡೆ ಕಟ್ಟಿಕೊಂಡು ಇಬ್ಬರೂ ಒಳಗೆ ಕೂತರು.

"ಇನ್ನೊಂದು ಸಲ ಹೊಳೆ ಬಂದರೆ ನನ್ನನ್ನು ಅದಕ್ಕೇ ಬಿಟ್ಟುಬಿಡೇ" ಅಂದಳು ಅತ್ತೆ.

"ನಿನ್ನನ್ನು ಹೊಳೆ ತಗೊಳ್ಳೋದಿಲ್ಲ ಅತ್ತೀ. ಅದಕ್ಕೂ ನಿನ್ನ ಬಾಯಿ ಗೊತ್ತು" ಅಂದಳು ಸಾತವ್ವ.

ಹಾಗಂದಳು. ಆದರೆ ಇನ್ನೊಂದು ಸಲ ಹೋದರೆ ಕಟ್ಟುವುದಕ್ಕೆ ಅವಳ ಹತ್ತಿರ ಒಂದು ಗಳವೂ ಇರಲಿಲ್ಲ.

ಆ ರಾಜ್ಯದ ರಾಜ ಕೆಟ್ಟವನಲ್ಲ. ಅರಮನೆ ಎತ್ತರದಲ್ಲಿತ್ತು, ಸುದ್ದಿ ಹತ್ತಿ ಬರುವುದಕ್ಕೆ ಹೊತ್ತಾಗುತ್ತಿತ್ತು. ಈ ಸಲ ಬಂತು. ರಾಜ ಡಂಗುರ ಸಾರಿಸಿದ.

"ಮನೆಮನೆಯವರೂ ವರ್ಷಕ್ಕೊಮ್ಮೆ ಒಂದು ಕಣಜಕ್ಕೆ ಕಾಳು ಹಾಕಬೇಕು. ಹಾಕಿದವರ ಮನೆ ಹೊಳೆಪಾಲಾದರೆ ಆ ಕಾಳಿನಿಂದಲೇ ಕಲ್ಲು, ಮರ, ಕೂಲಿ ಕೊಟ್ಟು ಮನೆ ಎಬ್ಬಿಸಿ ಕೊಡಬೇಕು. ಇದರ ಹೆಸರು ಹೊಣೆಕಣಜ."

ಒಳ್ಳೆಯ ಮಾತು. ಕಣಜ ನೋಡಿಕೊಳ್ಳುವುದಕ್ಕೆ ಮೇಲುಕೇರಿಯ ಭರಮಪ್ಪನನ್ನು ನೇಮಿಸಿದ. "ಯಾರಿಂದ ಎಷ್ಟು ಅಂತ ನೀನೇ ನಿಶ್ಚಯಿಸು. ನ್ಯಾಯವಾಗಿರಲಿ. ವರ್ಷದ ಕೊನೆಗೆ ಉಳಿದದ್ದರಲ್ಲಿ ನಾಲ್ಕನೆಯ ಒಂದು ಪಾಲು ನಿನಗೆ" ಅಂದ.

ಅಲ್ಲೇ ರಾಜ ತಪ್ಪಿದ. ಉಳಿದದ್ದರಲ್ಲಿ ಪಾಲು ಅಂದ ಮೇಲೆ ಯಾವನು ಖರ್ಚು ಮಾಡುತ್ತಾನೆ?

ಭರಮಪ್ಪ ಒಂದು ಉದ್ದ ಹಗ್ಗ ತಂದ. ಹತ್ತು ಮಾರಿಗೊಂದು ಗಂಟು ಹಾಕಿದ. ಒಂದು ತುದಿಯನ್ನು ಹೊಳೆಯ ಕಲ್ಲಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಊರೆಲ್ಲ ತಿರುಗಿದ. ನೀರಿನಿಂದ ಎಷ್ಟು ಗಂಟು ದೂರವೋ ಅಷ್ಟು ಕಡಿಮೆ ಕಾಳು. ದಿನ್ನೆಯ ಮೇಲಿನ ಮನೆಗೆ ಅರ್ಧ ಕೊಳಗ. ಕೆಳಕೇರಿಯ ಮನೆಗೆ ಹನ್ನೆರಡು ಕೊಳಗ. ಕೆಳಕೇರಿಯಲ್ಲಿ ಒಂದು ಮನೆ ವರ್ಷಕ್ಕೆ ತಿನ್ನುವುದೇ ಹದಿನೈದು.

"ಮೃಗಶಿರ ಮಳೆ ಬೀಳುವುದರೊಳಗೆ ಹಾಕದವರಿಗೆ ಹೊಣೆ ಇಲ್ಲ" ಅಂತಲೂ ಹೇಳಿಬಿಟ್ಟ.

ಹೊಳೆ ಹತ್ತದ ಮನೆಯವರು ಹಾಕುತ್ತಾರೆ. ಹೊಳೆ ನುಗ್ಗುವ ಮನೆಯವರಿಂದ ಹಾಕುವುದಕ್ಕಾಗುವುದಿಲ್ಲ. ಕಣಜ ತುಂಬುತ್ತದೆ, ಬಾಗಿಲು ತೆರೆಯುವ ಪ್ರಸಂಗವೇ ಬರುವುದಿಲ್ಲ. ಭರಮಪ್ಪ ಮೀಸೆಯ ಮೇಲೆ ಕೈಯಾಡಿಸಿದ.

ಮೊದಲು ಮಡಿವಾಳರ ಮಾಚಪ್ಪ ಬಂದ. "ಧಣೀ, ಹನ್ನೆರಡು ಕೊಳಗ ಹಾಕಿದರೆ ಮನೆ ಉಳೀತದೆ. ಮನೆಯೊಳಗಿನವರು ಉಳಿಯೋದಿಲ್ಲ."

"ಹೊಳೆ ದಂಡೆಗೆ ಇರು ಅಂತ ನಾನು ಹೇಳಿದ್ನಾ?" ಅಂದ ಭರಮಪ್ಪ.

ಆಮೇಲೆ ಕುಂಬಾರರ ಅಡಿವೆಪ್ಪ ಬಂದ. "ಧಣೀ, ಎರಡು ಕೊಳಗ ಹಾಕ್ತೀನಿ. ಅದಕ್ಕಿಂತ ಕೈ ಏಳೋದಿಲ್ಲ."

"ಹೊಳೆ ದಂಡೆಗೆ ಇರು ಅಂತ ನಾನು ಹೇಳಿದ್ನಾ?"

ಕೊನೆಗೆ ಸಾತವ್ವ ಬಂದಳು. ಅವಳು ಬೇಡಲಿಲ್ಲ. "ಹಾಗಾದರೆ ನಾವು ಎಲ್ಲಿರಬೇಕು ಧಣೀ?" ಅಂತ ಕೇಳಿದಳು.

"ನನ್ನ ಹಾಗೆ ದಿನ್ನೆ ಮೇಲಿರಿ. ಅರ್ಧ ಕೊಳಗದಲ್ಲಿ ಮುಗೀತದೆ. ಬುದ್ಧಿ ಇದ್ದವರು ಯಾರಾದರೂ ನೀರಿನ ಹತ್ತಿರ ಹೋಗ್ತಾರಾ?"

"ಇದು ನಿಮ್ಮ ಮಾತೇ?"

"ನನ್ನದೇ."

"ನಾಲ್ಕು ಜನರ ಮುಂದೆ ಹೇಳ್ತೀರಾ?"

"ನಲವತ್ತು ಜನರ ಮುಂದೆ ಹೇಳ್ತೀನಿ, ನಡಿ."

ಹೇಳಿಯೂ ಹೇಳಿದ.

ಮರುದಿನ ಬೆಳಿಗ್ಗೆ ಕೆಳಕೇರಿಯ ನಲವತ್ತು ಮನೆಯವರೂ ದಿನ್ನೆ ಹತ್ತಿದರು. ಮಾಚಪ್ಪ ಒಗೆಯುವ ಕಲ್ಲನ್ನು ಕತ್ತೆಯ ಮೇಲೆ ಹೇರಿದ. ಅಡಿವೆಪ್ಪ ಗಡಿಗೆ ಮಾಡುವ ತಿಗರಿಯನ್ನು ಉರುಳಿಸಿಕೊಂಡು ಬಂದ. ಸಾತವ್ವ ಹರಿಗೋಲನ್ನು ಬೋರಲು ಹಾಕಿ ತಲೆಯ ಮೇಲೆ ಹೊತ್ತಳು. ದೂರದಿಂದ ನೋಡಿದವರಿಗೆ ದೊಡ್ಡ ಆಮೆಯೊಂದು ಸೀರೆ ಉಟ್ಟು ಹೊರಟ ಹಾಗೆ ಕಂಡಿತು. ಅತ್ತೆ ಸೆರಗು ಹಿಡಿದು ಹಿಂದೆ ಬಂದಳು.

"ಎಲ್ಲಿಗೆ ಬಂದೆವೇ?"

"ಬುದ್ಧಿ ಇದ್ದವರ ಓಣಿಗೆ ಅತ್ತೀ."

ಭರಮಪ್ಪನ ಮನೆಯ ಎದುರು ದನ ಮೇಯುವ ಬಯಲಿತ್ತು. ಅಲ್ಲೇ ಗುಡಿಸಲು ಹಾಕಿದರು. ಒಬ್ಬೊಬ್ಬರೂ ಅರ್ಧ ಕೊಳಗ ಅಳೆದು ಭರಮಪ್ಪನ ಕಣಜಕ್ಕೆ ಸುರಿದರು. ದಿನ್ನೆಯ ಮೇಲಿನ ಗುಡಿಸಲನ್ನು ಯಾವ ಹೊಳೆ ಕೊಂಡೊಯ್ಯುತ್ತದೆ? ಭರಮಪ್ಪ ಒಳಗೊಳಗೇ ನಕ್ಕ. ನಗು ಮೂರು ದಿನ ಇತ್ತು.

ಹತ್ತು ದಿನಕ್ಕೆ ಅವನ ಮಗಳ ಮದುವೆ. ಗಂಡಿನ ಊರು ಹೊಳೆಯ ಆಚೆ. ಮದುವೆಗೆ ರಾಜನೂ ಬರುತ್ತೇನೆ ಅಂದಿದ್ದ.

ನಾಲ್ಕನೆಯ ದಿನ ಭರಮಪ್ಪ ಬಟ್ಟೆಯ ಗಂಟು ತಂದು ಮಾಚಪ್ಪನ ಮುಂದೆ ಒಗೆದ. "ಮದುವೆ ಬಟ್ಟೆ. ಹಾಲಿನ ಹಾಗೆ ಬೆಳ್ಳಗಾಗಬೇಕು."

"ಆಗಲಿ ಧಣೀ" ಅಂದ ಮಾಚಪ್ಪ. ಒಣ ಕಲ್ಲಿನ ಮೇಲೆ ಒಣ ಧೋತರ ಎತ್ತಿ ಎತ್ತಿ ಬಡಿದ. ಧೂಳು ಎದ್ದಿತು. ಧೋತರದಲ್ಲಿ ಮೂರು ತೂತು ಬಿದ್ದವು.

"ಅಯ್ಯೋ, ನೀರೆಲ್ಲೋ?"

"ದಿನ್ನೆಯ ಬಾವಿ ಕುಡಿಯೋದಕ್ಕೇ ಸಾಲದು ಧಣೀ."

"ಹೊಳೆಗೆ ಹೋಗೋ!"

"ಬುದ್ಧಿ ಇದ್ದವರು ನೀರಿನ ಹತ್ತಿರ ಹೋಗ್ತಾರಾ?"

ಭರಮಪ್ಪ ತೂತಿನ ಧೋತರ ತೆಗೆದುಕೊಂಡು ಮನೆಗೆ ಹೋದ.

ಏಳನೆಯ ದಿನ ಅಡಿವೆಪ್ಪನ ಹತ್ತಿರ ಬಂದ. ಆ ಸೀಮೆಯಲ್ಲಿ ಕುಂಬಾರರ ಮನೆಯಿಂದ ಬಣ್ಣ ಬರೆದ ಐರಾಣಿ ಗಡಿಗೆಗಳನ್ನು ವಾದ್ಯದೊಂದಿಗೆ ತಂದು ಹಂದರದಲ್ಲಿ ಇಡಬೇಕು. ಅವಿಲ್ಲದೆ ಅಕ್ಕಿಕಾಳು ಬೀಳುವುದಿಲ್ಲ. ರಾಜನ ಮಗಳಿಗಾದರೂ ಅದೇ ರೀತಿ.

"ಐರಾಣಿ ಸಿದ್ಧ ಮಾಡು."

"ಆಗಲಿ ಧಣೀ." ಅಡಿವೆಪ್ಪ ದಿನ್ನೆಯ ಗರಸು ಮಣ್ಣನ್ನೇ ಕಲಸಿದ. ಅದರಲ್ಲೇ ಒಂದು ಗಡಿಗೆ ಮಾಡಿ ಸುಟ್ಟು ಕಳಿಸಿದ. ಭರಮಪ್ಪನ ಹೆಂಡತಿ ನೋಡೋಣವೆಂದು ನೀರು ಹಾಕಿದಳು. ಹಾಕಿದಷ್ಟೂ ಅವಳ ಪಾದದ ಮೇಲೆ ಬಂತು.

"ಗಡಿಗೆ ತನ್ನಿ ಅಂದರೆ ಜರಡಿ ತಂದಿರಾ?" ಅಂತ ಗಂಡನ ಮೇಲೆ ಹರಿಹಾಯ್ದಳು.

ಭರಮಪ್ಪ ಓಡಿ ಬಂದ. "ಒಳ್ಳೆ ಮಣ್ಣು ಎಲ್ಲೋ?"

"ಹೊಳೆ ದಂಡೆಯಲ್ಲಿ ಧಣೀ."

"ತಾರೋ ಮತ್ತೆ!"

"ಬುದ್ಧಿ ಇದ್ದವರು ನೀರಿನ ಹತ್ತಿರ ಹೋಗ್ತಾರಾ?"

ಹತ್ತನೆಯ ದಿನ ಮದುವೆ. ಆಚೆ ದಡದಲ್ಲಿ ಗಂಡಿನ ಕಡೆಯವರು ಬಂದು ನಿಂತರು. ಡೊಳ್ಳು ಬಡಿದರು. ಕೂಗಿದರು. ಮದುಮಗನ ಬಾಸಿಂಗ ಬಿಸಿಲಿಗೆ ವಾಲಿತು. ಆ ಹೊಳೆಯಲ್ಲಿ ಬೇಸಗೆಯಲ್ಲೂ ಆಳೆತ್ತರ ನೀರು, ನಡುವೆ ಸುಳಿ. ಸುಳಿ ತಪ್ಪಿಸಿ ದಾಟಿಸುವುದು ಸಾತವ್ವನೊಬ್ಬಳಿಗೇ ಗೊತ್ತು.

ಅವಳೆಲ್ಲಿ? ಬಯಲಿನ ನಡುವೆ ಹರಿಗೋಲು ಇಟ್ಟು ಅದರಲ್ಲಿ ಕೂತಿದ್ದಳು. ಹುಲ್ಲಿಗೆ ಹುಟ್ಟು ಹಾಕುತ್ತಿದ್ದಳು. ಎದುರಿಗೆ ಅತ್ತೆ.

"ದಡ ಬಂತೇನೇ?"

"ಇನ್ನೂ ಸ್ವಲ್ಪ ಅತ್ತೀ. ಗಾಳಿ ಎದುರಿದೆ."

ಭರಮಪ್ಪ ಕೈ ಮುಗಿದ. "ಸಾತವ್ವಾ, ತಾಯಿ, ಮುಹೂರ್ತ ಮೀರ್ತದೆ. ಬಾ."

"ಹತ್ತಿ ಧಣೀ, ಜಾಗ ಇದೆ. ದಿನ್ನೆಯ ಈ ತುದಿಯಿಂದ ಆ ತುದಿಗೆ ಬಿಡ್ತೀನಿ."

"ಹೊಳೆಗೆ ಬಾರೇ!"

"ಬುದ್ಧಿ ಇದ್ದವರು—"

"ಸಾಕು!"

ಅಷ್ಟರಲ್ಲಿ ರಾಜನ ಕುದುರೆ ಬಂತು. ರಾಜ ನೋಡಿದ. ಹಂದರದಲ್ಲಿ ಗಡಿಗೆ ಇಲ್ಲ. ಹೆಣ್ಣಿನ ತಂದೆಯ ಧೋತರದಲ್ಲಿ ಮೂರು ತೂತು. ಮದುಮಗ ಹೊಳೆಯಾಚೆ. ಹರಿಗೋಲು ಹುಲ್ಲಿನ ಮೇಲೆ.

"ಏನವ್ವಾ ಇದು?"

"ಹೊಳೆ ದಂಡೆಗಿದ್ದರೆ ಮನೆಯ ಹೊಣೆಗೆ ಹನ್ನೆರಡು ಕೊಳಗ ದೊರೆಗಳೇ. ಹುಲ್ಲಿನ ಮೇಲಿದ್ದರೆ ಅರ್ಧ. ನಾವು ಬಡವರು, ಹುಲ್ಲಿಗೆ ಬಂದೆವು."

ಭರಮಪ್ಪನಿಗೆ ತಡೆಯಲಾಗಲಿಲ್ಲ. "ದೊರೆಗಳೇ, ಇವರಿಗೆ ಬುದ್ಧಿ ಹೇಳಿ! ಇವರು ದಂಡೆ ಬಿಟ್ಟರೆ ಊರು ನಡೀತದಾ? ಮಡಿ ಇಲ್ಲ, ಗಡಿಗೆ ಇಲ್ಲ, ದಾಟೋ ಹಾಗಿಲ್ಲ! ಊರಿಗೋಸ್ಕರ ಇವರು ಅಲ್ಲಿರಲೇಬೇಕು!"

ಸಾತವ್ವ ಹುಟ್ಟು ಕೆಳಗಿಟ್ಟಳು. "ಇನ್ನೊಂದು ಸಲ ಹೇಳಿ ಧಣೀ. ಹಿಂದೆ ನಿಂತವರಿಗೆ ಕೇಳಿಸಲಿಲ್ಲ."

"ಊರಿಗೋಸ್ಕರ ಇವರು ಅಲ್ಲಿರಲೇಬೇಕು!"

"ಆಚೆ ದಡದವರಿಗೂ ಕೇಳಲಿ."

"ಊರಿಗೋಸ್ಕರ—" ಅಂದ ಭರಮಪ್ಪ. ಮೂರನೆಯ ಸಲಕ್ಕೆ ತನ್ನ ಮಾತು ತನಗೇ ಕೇಳಿಸಿತು.

"ಊರಿಗೋಸ್ಕರ ನಾವು ಅಲ್ಲಿರಬೇಕು" ಅಂದಳು ಸಾತವ್ವ. "ಹೊಳೆ ಬಂದಾಗ ಮಾತ್ರ ನಮಗೋಸ್ಕರ ನಾವೇ. ಇದು ಯಾವ ನ್ಯಾಯ ದೊರೆಗಳೇ?"

ರಾಜ ಬಹಳ ಹೊತ್ತು ನಕ್ಕ. ನಕ್ಕು ಮುಗಿಸಿ ಮೂರು ಮಾತು ಹೇಳಿದ.

"ಒಂದು. ಮೇಲಿರಲಿ, ಕೆಳಗಿರಲಿ, ಮನೆಗೆ ಒಂದೇ ಕೊಳಗ. ಕೆಳಕೇರಿಯವರು ಮನೆಯ ಕೆಳಗೆ ಸೊಂಟದೆತ್ತರ ಕಲ್ಲಿನ ಕಟ್ಟೆ ಕಟ್ಟಿಕೊಂಡರೆ ಅರ್ಧ ಕೊಳಗ."

"ಕಣಜ ಬರಿದಾದೀತು ದೊರೆಗಳೇ" ಅಂದ ಭರಮಪ್ಪ.

"ಮೇಲೆ ಸಾವಿರ ಮನೆ, ಕೆಳಗೆ ನಲವತ್ತು. ಸಾವಿರ ಜನ ಹಿಡಿದರೆ ನಲವತ್ತು ತೊಲೆ ಏಳೋದಿಲ್ಲವೇನಯ್ಯಾ? ಎರಡು. ಉಳಿದ ಕಾಳು ಕಣಜದ್ದೇ. ನಿನಗೆ ಗೊತ್ತು ಮಾಡಿದ ಸಂಬಳ, ಅಷ್ಟೆ. ಮೂರು. ಕಣಜದ ಬೀಗದ ಕೈ ಇಟ್ಟುಕೊಂಡವನು ಕೆಳಕೇರಿಯ ಮೊದಲ ಮನೆಯಲ್ಲಿ ಇರಬೇಕು."

ಮೂರನೆಯದಕ್ಕೆ ಕೆಳಕೇರಿಯವರು ಸಿಳ್ಳೆ ಹಾಕಿದರು.

ಮೇಲುಕೇರಿಯ ಒಬ್ಬ ಗೊಣಗಿದ. "ನಮ್ಮ ಮನೆಗೆ ಏಳು ಜನ್ಮಕ್ಕೂ ಹೊಳೆ ಬರೋದಿಲ್ಲ. ಅರ್ಧ ಇದ್ದದ್ದು ನಮಗ್ಯಾಕೆ ಒಂದಾಗಬೇಕು?"

"ಬೇಡಪ್ಪಾ, ನೀನು ಕೊಡಬೇಡ" ಅಂದಳು ಸಾತವ್ವ. "ನಾಳೆ ಸಂತೆಗೆ ಈಜಿಕೊಂಡು ಹೋಗು."

ಅವನೂ ಕೊಟ್ಟ. ಗೊಣಗುತ್ತಲೇ ಕೊಟ್ಟ. ಗೊಣಗಿದರೂ ಕಾಳು ಕಾಳೇ.

ಹರಿಗೋಲು ಇಳಿಯಿತು. ನಾಲ್ಕು ಸಲ ಹೋಗಿ ಬಂದು ಸಾತವ್ವ ಗಂಡಿನ ಕಡೆಯವರನ್ನೆಲ್ಲ ದಾಟಿಸಿದಳು. ಅಡಿವೆಪ್ಪ ಗುಡಿಸಲಿನೊಳಗಿಂದ ಬಣ್ಣ ಬರೆದ ಐದು ಗಡಿಗೆ ಹೊರತಂದ. ದಿನ್ನೆ ಹತ್ತುವ ಮೊದಲೇ ಒಳ್ಳೆಯ ಮಣ್ಣಿನಲ್ಲಿ ಮಾಡಿಟ್ಟಿದ್ದ. "ಕೂಸು ಏನು ತಪ್ಪು ಮಾಡಿತ್ತು?" ಅಂದ. ಮಾಚಪ್ಪನೂ ಒಂದು ಮಡಿ ಧೋತರ ಕೊಟ್ಟ. ಮುಹೂರ್ತ ಮೀರಲಿಲ್ಲ.

ಕೆಳಕೇರಿಯವರು ದಂಡೆಗೆ ಮರಳಿದರು. ಮೃಗಶಿರಕ್ಕೆ ಮುಂಚೆ ಕಲ್ಲು ಹೊತ್ತು ಕಟ್ಟೆ ಕಟ್ಟಿದರು. ಸಾತವ್ವ ಕಲ್ಲು ಹೊತ್ತಳು. ಅತ್ತೆ ಕೂತಲ್ಲಿಂದಲೇ ಬೈದು ಬೈದು ಕಟ್ಟಿಸಿದಳು. ಕೆಲವರಿಗೆ ಕಲ್ಲು ಸಾಲಲಿಲ್ಲ, ಅವರು ಒಂದು ಕೊಳಗ ಹಾಕಿದರು. ಭರಮಪ್ಪ ಮೊದಲ ಮನೆಗೆ ಬಂದ. ಕಲ್ಲು ಹೊರುವ ಕೂಲಿಗೆ ಕೈ ಬಿಚ್ಚಲಿಲ್ಲ, ಕಟ್ಟೆ ಕಟ್ಟಿಸಲಿಲ್ಲ. "ಒಂದು ವರ್ಷ ನೋಡೋಣ" ಅಂದ.

ಊರಿಗಾಗಿ ನೀರಿನ ಅಂಚಿನಲ್ಲಿ ಇರುವವರ ಭಯವನ್ನು ಊರೇ ಹಂಚಿಕೊಳ್ಳಬೇಕು. ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದು ಕೊಳಗ. ನೀತಿ ಇಷ್ಟೇ.

ಹೊಳೆ ಈ ಸಲ ಮೂರು ವರ್ಷ ಕಾಯಲಿಲ್ಲ, ಆ ಶ್ರಾವಣದಲ್ಲೇ ಬಂತು. ಸಾತವ್ವನ ಮನೆ ನಿಂತಿತು. ಒಂಬತ್ತು ಮನೆ ಬಿದ್ದವು. ಮೊದಲು ಬಿದ್ದದ್ದು ಭರಮಪ್ಪನದು. ಕಣಜ ತೆರೆದರು. ದೀಪಾವಳಿಯೊಳಗೆ ಒಂಬತ್ತೂ ಎದ್ದವು, ಅವನದೂ ಸೇರಿ.