ಮೌಸಿನ ಕಣ್ಣಿಗೆ ಬಿದ್ದ ಕುಂಕುಮ

ಆಯುಧಪೂಜೆಯ ಮರುದಿನ ಕಚೇರಿಯ ಮೌಸು ಕೆಲಸ ನಿಲ್ಲಿಸಿತು. ಕ್ಲರ್ಕ್ ಪಂಕಜಾಕ್ಷಮ್ಮ ವೈರು ಕಿತ್ತು ಮತ್ತೆ ಸಿಕ್ಕಿಸಿದರು, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರು, ಕೊನೆಗೆ ಮೌಸನ್ನು ಮೇಜಿಗೆ ಕುಕ್ಕಿದರು. ಕೌಂಟರಿನಾಚೆ ಕಾದಿದ್ದ ಜನ ಗೊಣಗತೊಡಗಿದರು.

"ನಿನಗೇನಾಗಿದೆ?" ಎಂದು ಕೀಬೋರ್ಡು ಕೇಳಿತು.

"ಸಾಕಾಗಿದೆ ಅಕ್ಕಾ. ವರ್ಷವಿಡೀ ನನ್ನನ್ನು ಯಾರೂ ಒರೆಸಲಿಲ್ಲ. ನಿನ್ನೆ ಒಂದು ದಿನ ದೇವರು ಮಾಡಿ ಕೂರಿಸಿದರು. ಬೆನ್ನಿಗಿಟ್ಟ ಕುಂಕುಮ ಉದುರಿ ಹೊಟ್ಟೆಯಡಿಯ ಕಣ್ಣಿಗೆ ಮೆತ್ತಿಕೊಂಡಿದೆ. ಒಮ್ಮೆ ಬಟ್ಟೆಯಲ್ಲಿ ಒರೆಸಿದರೆ ಸಾಕಿತ್ತು."

ಅಷ್ಟರಲ್ಲಿ ಪಂಕಜಾಕ್ಷಮ್ಮ ಮೌಸನ್ನು ಮಗುಚಿ ನೋಡಿದರು.

"ಅಂತೂ ಅಮ್ಮನಿಗೆ ನಿನ್ನ ಕಷ್ಟ ಕಂಡಿತು," ಎಂದಿತು ಕೀಬೋರ್ಡು.

"ಅಯ್ಯೋ, ತಪ್ಪಾಯ್ತಪ್ಪಾ! ಈ ಕಡೆ ಸರಿಯಾಗಿ ಬೊಟ್ಟೇ ಇಟ್ಟಿಲ್ಲವಲ್ಲ," ಎಂದು ಕೆನ್ನೆ ಬಡಿದುಕೊಂಡ ಪಂಕಜಾಕ್ಷಮ್ಮ, ಆ ಕಣ್ಣಿನ ಮೇಲೆಯೇ ಇನ್ನೊಂದು ಬೊಟ್ಟಿಟ್ಟು ಕೈಮುಗಿದರು.